ತಿರುವಿನಲ್ಲಿ ಸರಿಸಿದ ಕುಂಚಿಗೆ

ನಮ್ಮ ಮಗಳು ನನ್ನ ಅವ್ವ ಹೊಲಿದ ಕುಂಚಿಗೆಯಿಂದ ಸತ್ತಳು ಎಂದು ನನ್ನ ಹೆಂಡತಿ ಎಂಟು ವರ್ಷ ನಂಬಿಕೊಂಡಿದ್ದಳು. ಅವ್ವ ಆ ತಪ್ಪನ್ನು ಒಪ್ಪಿಕೊಂಡಿದ್ದಳು. ಅದು ಅವ್ವನ ತಪ್ಪಲ್ಲವೆಂದು ಗೊತ್ತಿದ್ದವನು ನಾನೊಬ್ಬನೇ ಎಂದು ತಿಳಿದಿದ್ದೆ. ಆದರೂ ಬಾಯಿ ಬಿಡಲಿಲ್ಲ. ಅವ್ವ ಈಗಿಲ್ಲ. ಈಗ ಬರೆದರೆ ಅವಳಿಗೆ ಏನೂ ಆಗುವುದಿಲ್ಲ, ಅದು ನನಗೆ ಗೊತ್ತು.

ನಾನು ಬೈಲಹೊಂಗಲದ ಕಡೆಯವನು. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಪುಣೆಗೆ ಬಂದು ಖಡಕಿಯ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತನಾದೆ. ಹೊರಗಿನಿಂದ ಬಂದ ಪೆಟ್ಟಿಗೆಗಳನ್ನು ಬಿಚ್ಚಿಸಿ, ಒಳಗಿನ ಸಾಮಾನು ಸರಿ ಇದೆಯೇ ಎಂದು ನೋಡಿ, ಜೊತೆಗಿರುವ ಸೂಚನೆಯ ಕಾಗದವನ್ನು ಓದಿ, ಯಾವುದನ್ನು ಹೇಗೆ ಇಡಬೇಕೆಂದು ಬರೆದು ಅಂಟಿಸುವುದು ನನ್ನ ಕೆಲಸವಾಗಿತ್ತು. ಬೇರೆಯವರು ಬಿಸಾಡುವ ಕಾಗದವನ್ನು ನಾನು ಪೂರ್ತಿ ಓದುತ್ತಿದ್ದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನನಗೆ ಓದಲು ಬರುತ್ತಿರಲಿಲ್ಲ, ಗೊತ್ತಾಗಲಿಲ್ಲ ಎನ್ನುವ ದಾರಿ ನನಗಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಮದುವೆಯಾಗಿ ಏಳು ವರ್ಷಗಳ ಮೇಲೆ, ಒಂದು ಚಳಿಗಾಲದಲ್ಲಿ ಮಗಳು ಹುಟ್ಟಿದಳು. ದಿನ ತುಂಬುವ ಐದು ವಾರ ಮೊದಲೇ ಬಂದಳು. ಎರಡು ಕಿಲೊ ಕೂಡ ಇರಲಿಲ್ಲ. ಹೆಂಡತಿಗೆ ಆಪರೇಶನ್ ಆಗಿ ಹೊಲಿಗೆ ಕೀವು ಹಿಡಿದಿತ್ತು. ನೆಟ್ಟಗೆ ನಿಲ್ಲುವುದೂ ಕಷ್ಟ. ಅಕ್ಕನ ಜೊತೆ ಬೆಳಗಾವಿಯಲ್ಲಿದ್ದ ಅವ್ವ ಬಾಣಂತನಕ್ಕೆಂದು ತನ್ನ ಕೈ ಹೊಲಿಗೆ ಯಂತ್ರವನ್ನೂ ಹೊತ್ತುಕೊಂಡು ಬಂದಳು. ಅವಳು ಬೆಳಗಾವಿಯ ಆ ಓಣಿಯ ಅಷ್ಟೂ ಕೂಸುಗಳಿಗೆ ಕುಲಾಯಿ, ಕುಂಚಿಗೆ ಹೊಲಿದುಕೊಡುತ್ತಿದ್ದವಳು.

ಮಗುವಿಗೆ ಹೆಸರಿಟ್ಟಿರಲಿಲ್ಲ. ಮೂರು ಕಿಲೊ ಆಗಲಿ, ಆಮೇಲೆ ತೊಟ್ಟಿಲಿಗೆ ಹಾಕೋಣ ಎಂದು ಅವ್ವ ಹೇಳಿದ್ದಳು. ಹಾಗಾಗಿ ಪ್ರತಿ ಸೋಮವಾರ ತೂಕ ನೋಡಿಸುವುದು ನಮಗೆ ಹಬ್ಬವೂ ಆಗಿತ್ತು, ಪರೀಕ್ಷೆಯೂ ಆಗಿತ್ತು. ಡಾಕ್ಟರು ಇದ್ದದ್ದು ಶಿವಾಜಿನಗರದಲ್ಲಿ, ಸ್ಟೇಶನ್ನಿನಿಂದ ಹತ್ತು ನಿಮಿಷದ ನಡಿಗೆ. ಮೊದಲ ಸೋಮವಾರ ಅವ್ವ ಮಗುವನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಕುಳಿತಳು. ರಸ್ತೆ ಅಗೆದಿದ್ದರು. ಪ್ರತಿ ಕುಳಿಗೂ ಅವ್ವ ದೇವರ ಹೆಸರು ಹೇಳುತ್ತಿದ್ದಳು. ಮನೆಗೆ ಬರುವಷ್ಟರಲ್ಲಿ ಅವಳಿಗೆ ತಲೆ ಸುತ್ತು. ಇತ್ತ ಹೆಂಡತಿ ಒಬ್ಬಳೇ ಎದ್ದು ನೀರು ತರಲು ಹೋಗಿ ಗೋಡೆ ಹಿಡಿದು ಕುಳಿತಿದ್ದಳು. ಇನ್ನು ಮೇಲೆ ನಾನೊಬ್ಬನೇ, ಲೋಕಲ್ ರೈಲಿನಲ್ಲಿ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಖಡಕಿ ಬಿಟ್ಟರೆ ಮುಂದಿನ ಸ್ಟೇಶನ್ನೇ ಶಿವಾಜಿನಗರ.

ಆದರೆ ಎರಡು ಕಿಲೊದ ಮಗುವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಲೋಕಲ್ ಹತ್ತುವುದು ಹೇಗೆ? ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದ ಆ ವಯಸ್ಸಾದ ಹೆಂಗಸೇ ದಾರಿ ಹೇಳಿದರು. ಎದೆಗೆ ಕಟ್ಟಿಕೊಳ್ಳಿ, ಬೆಚ್ಚಗೂ ಇರುತ್ತಾಳೆ, ನಿಮ್ಮ ಕೈಯೂ ಖಾಲಿ ಇರುತ್ತದೆ ಎಂದರು. ನಾನು ಗಂಡಸು, ಹೇಗೆ ಎನ್ನುವ ಹಾಗೆ ನೋಡಿದೆನೇನೋ.

“ಬಾಪಾಚ್ಯಾ ಛಾತೀಲಾಪಣ ಊಬ ಅಸತೇ,” ಎಂದರು. ಅಪ್ಪನ ಎದೆಗೂ ಕಾವಿರುತ್ತದೆ.

ಆ ಮಾತು ನನಗೆ ಬಹಳ ಹಿಡಿಸಿತ್ತು.

ಮೊದಲು ಅವ್ವ ತನ್ನ ಹಳೆಯ ಸೀರೆಯನ್ನು ನನ್ನ ಹೆಗಲಿನಿಂದ ಸೊಂಟಕ್ಕೆ ಜೋಳಿಗೆಯಂತೆ ಕಟ್ಟಿ ನೋಡಿದಳು. “ನಿನ್ನ ಹಿಂಗ ಕಟ್ಕೊಂಡು ಕಳೆ ತಗದೀನಿ. ನೀ ಏನ್ ಸತ್ತೇನು?” ಎಂದಳು. ಮಗು ಜೋಳಿಗೆಯ ತಳಕ್ಕೆ ಇಳಿದು ಬಿಲ್ಲಿನ ಹಾಗೆ ಬಾಗಿತು. ಗದ್ದ ಎದೆಗೆ ತಾಕಿತು. ಮುಖವೇ ಕಾಣಲಿಲ್ಲ. ನಾನು ಬೇಡವೆಂದೆ. ಆಮೇಲೆ ಲಕ್ಷ್ಮಿ ರಸ್ತೆಯಲ್ಲಿ ಬಾಗಿಲಿಗೆ ನೇತುಹಾಕಿದ್ದ ಒಂದು ಬೇಬಿ ಬ್ಯಾಗ್ ನೋಡಿದೆ. ಕಾಲುಗಳ ನಡುವಿನ ಪಟ್ಟಿ ಬೆರಳಗಲ. ಮಗು ಅದರ ಮೇಲೆ ಜೋತಾಡಬೇಕು. ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದು ಅಂಗಡಿಯವನು ಹೇಳುತ್ತಿದ್ದಾಗಲೇ ನಾನು ಕೊಂಡಿಯನ್ನು ಎಳೆದೆ, ಅದು ಕಳಚಿ ಕೈಗೆ ಬಂತು. ಕೊನೆಗೆ ಕ್ಯಾಂಪಿನ ಒಂದು ಅಂಗಡಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ನನ್ನ ಕೈಯಲ್ಲಿದ್ದ ದೊಡ್ಡ ಚೀಲವನ್ನು ಕಸಿದುಕೊಂಡು, ಇದು ಕುತ್ತಿಗೆ ನಿಂತ ಮೇಲೆ, ಈಗಲ್ಲ ಎಂದು ಬೈದು, ಮೆತ್ತನೆಯ ಬೇರೊಂದನ್ನು ತೆಗೆದರು. ಅಗಲವಾದ ಬಟ್ಟೆ, ಮಗುವಿನ ಕುತ್ತಿಗೆಗೆ ಆಧಾರ, ತೊಡೆಯ ಕೆಳಗೆ ಮೊಣಕಾಲಿನಿಂದ ಮೊಣಕಾಲಿನವರೆಗೆ ಪಟ್ಟಿ, ನನ್ನ ಬೆನ್ನ ಮೇಲೆ ಎರಡು ಗಂಟು. ವಿದೇಶದ ಮಾಲು. ಜೊತೆಗೆ ಎಂಟು ಮಡಿಕೆಯ ಒಂದು ಇಂಗ್ಲಿಷ್ ಕಾಗದ.

ಮಗುವನ್ನು ಹಾಕುವ ಮೊದಲು ಎರಡು ಕಿಲೊ ಜೋಳವನ್ನು ದಿಂಬಿನ ಚೀಲದಲ್ಲಿ ಕಟ್ಟಿ, ಅದನ್ನು ಎದೆಗೆ ಕಟ್ಟಿಕೊಂಡು, ಕ್ವಾರ್ಟರ್ಸಿನ ನಮ್ಮ ಎರಡು ಕೋಣೆಯಲ್ಲಿ ಅರ್ಧ ಗಂಟೆ ಓಡಾಡಿದೆ. ಕುಳಿತೆ, ಎದ್ದೆ, ಮೊಣಕಾಲು ಮಡಚಿ ನೆಲದ ಮೇಲಿನ ತಂಬಿಗೆ ಎತ್ತಿದೆ. ಹೊಲಿಗೆಗಳನ್ನು ಎಳೆದು ನೋಡಿದೆ. ಹೆಂಡತಿ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ನಗಸಬ್ಯಾಡ್ರಿ, ನನ್ನ ಹೊಲಿಗಿ ಹರೀತಾವ.”

“ಸುಮ್ಮನಿರು. ಪರೀಕ್ಷಾ ನಡದದ.”

“ಜ್ವಾಳಕ್ಕ ಒಂದು ಹೆಸರರ ಇಡ್ರಿ. ನಿಮ್ಮ ಮಾರೀನ ಇಟ್ಕೊಂಡು ಹುಟ್ಟೇದ.”

ಅವಳು ಅಷ್ಟು ನಕ್ಕದ್ದನ್ನು ಆಮೇಲೆ ನಾನು ನೋಡಿಲ್ಲ.

ಕಾಗದವನ್ನು ಆಫೀಸಿಗೆ ಒಯ್ದು, ಮಧ್ಯಾಹ್ನದ ಬಿಡುವಿನಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಓದಿದೆ. ಪ್ರತಿ ಸಲ ಗಂಟು, ಹೊಲಿಗೆ ನೋಡಬೇಕು. ಒಲೆಯ ಹತ್ತಿರ ಹೋಗಬಾರದು. ಸ್ಕೂಟರಿನ ಮೇಲೆ ಕೂರಬಾರದು. ಬಗ್ಗುವುದಿದ್ದರೆ ಸೊಂಟ ಬಗ್ಗಿಸದೆ ಮೊಣಕಾಲು ಮಡಚಬೇಕು. ದಿನ ತುಂಬದೆ ಹುಟ್ಟಿದ ಮಗುವಾದರೆ ಡಾಕ್ಟರನ್ನು ಕೇಳಬೇಕು. ಅದನ್ನೂ ಕೇಳಿದೆ, ಆಗಬಹುದು, ಆದರೆ ಕಣ್ಣು ಮಗುವಿನ ಮೇಲೇ ಇರಲಿ ಎಂದಿದ್ದರು. ಕಾಗದದ ಹಿಂಭಾಗದಲ್ಲಿ ಮೂರು ಚಿತ್ರಗಳಿದ್ದವು. ಒಂದರಲ್ಲಿ ತಲೆ ತಗ್ಗಿಸಿದರೆ ಮುತ್ತು ಕೊಡುವಷ್ಟು ಎತ್ತರದಲ್ಲಿ ಮಗುವಿನ ನೆತ್ತಿ. ಇನ್ನೊಂದರಲ್ಲಿ ಗದ್ದ ಮತ್ತು ಎದೆಯ ನಡುವೆ ಎರಡು ಬೆರಳಿನ ಜಾಗ. ಮೂರನೆಯದರಲ್ಲಿ ಬಟ್ಟೆಯಿಂದ ಮುಖ ಮುಚ್ಚಿದ ಮಗು, ಅದರ ಮೇಲೆ ಹೀಗೆ ಮಾಡಬೇಡಿ ಎನ್ನುವ ದಪ್ಪನೆಯ ಕಾಟು ಗುರುತು. ಎಳೆಯ ಮಗುವಿಗೆ ತಲೆ ಎತ್ತಲು ಬರುವುದಿಲ್ಲ, ಉಸಿರು ಕಟ್ಟಿದರೆ ಅಳಲೂ ಆಗದಿರಬಹುದು, ಮುಖ ಸದಾ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು ಎಂದು ಕೆಳಗೆ ಬರೆದಿತ್ತು.

ಆ ಸಂಜೆ ಮನೆಗೆ ಬಂದು ಗಂಟಿನ ಮಾತು, ಒಲೆಯ ಮಾತು, ಮೊಣಕಾಲಿನ ಮಾತು ಹೇಳಿದೆ. ಮುಖದ ಮಾತು ಹೇಳುವಷ್ಟರಲ್ಲಿ ಅವ್ವ ಯಂತ್ರದ ಮುಂದಿನಿಂದ ಎದ್ದು ಬಂದು ಹೊಸ ಕುಂಚಿಗೆಯನ್ನು ನನ್ನ ತೊಡೆಯ ಮೇಲೆ ಹರಡಿದಳು. ಅರಿಯದವರಿಗಾಗಿ ಹೇಳುತ್ತೇನೆ: ತಲೆಯ ಟೋಪಿಯೂ ಬೆನ್ನಿನ ಹೊದಿಕೆಯೂ ಒಂದೇ ಬಟ್ಟೆಯಲ್ಲಿ ಇರುವುದು ಕುಂಚಿಗೆ. ಪುಣೆಯವರೂ ಕುಂಚಿ ಎನ್ನುತ್ತಾರೆ. ಕಡುಗೆಂಪು ಖಣ, ಹಸಿರು ಅಂಚು, ಹಣೆಯ ಮೇಲೆ ಬರುವ ಕಡೆ ಸಣ್ಣ ಮಣಿಗಳ ಸಾಲು. ಒಳಗೆ ತನ್ನ ಹಳೆಯ ಸೀರೆಯ ಮೆತ್ತನೆಯ ಅಸ್ತರಿ. ಮಗು ವರ್ಷವಿಡೀ ತೊಡಲಿ ಎಂದು ದೊಡ್ಡದಾಗಿಯೇ ಹೊಲಿದಿದ್ದಳು. ನಮ್ಮ ಕಡೆ ಹಾಗೆಯೇ, ಬೆಳೆಯುವ ಅಳತೆಗೆ ಹೊಲಿಯುತ್ತಾರೆ. ನಮ್ಮ ಮಗುವಿಗೆ ಅದು ಮೂಗು ದಾಟಿ ಬಾಯಿಯವರೆಗೆ ಬರುತ್ತಿತ್ತು.

“ಹೆಂಗದ?” ಎಂದಳು.

“ಭಾಳ ಛಲೋ ಅದ ಅವ್ವಾ.”

ಆ ಕ್ಷಣ ಕಾಗದ ನನ್ನ ಅಂಗಿಯ ಕಿಸೆಯಲ್ಲೇ ಇತ್ತು.

ಮುಂದಿನ ಸೋಮವಾರ ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು ಕುಂಚಿಗೆಯನ್ನು ಮಗುವಿನ ಮುಖದ ಮೇಲೆ ಎಳೆದಳು. “ಗಾಳಿ, ದೃಷ್ಟಿ, ಎರಡೂ ಮೊದಲ ಮಾರಿಗೇ ಬಡೀತಾವ. ತಗೀಬ್ಯಾಡ,” ಎಂದಳು. ನಾನು ಆಯಿತೆಂದೆ. ನಮ್ಮ ಕ್ವಾರ್ಟರ್ಸಿನ ಸಾಲು ಮುಗಿಯುವಲ್ಲಿ ಒಂದು ಬೇವಿನ ಮರ, ಅಲ್ಲಿಂದ ರಸ್ತೆ ಸ್ಟೇಶನ್ನಿನ ಕಡೆಗೆ ತಿರುಗುತ್ತದೆ. ಮರ ದಾಟಿದರೆ ನಮ್ಮ ಬಾಗಿಲಿನಿಂದ ಕಾಣುವುದಿಲ್ಲ. ಅಲ್ಲಿ ನಿಂತು ಕುಂಚಿಗೆಯನ್ನು ಹಿಂದಕ್ಕೆ ಸರಿಸಿದೆ, ಅಂಚನ್ನು ಮಗುವಿನ ಹೆಗಲ ಹಿಂದೆ ಸಿಕ್ಕಿಸಿದೆ, ಗದ್ದದ ಕೆಳಗೆ ಎರಡು ಬೆರಳಿಟ್ಟು ನೋಡಿದೆ. ಮಗಳು ಬೆಳಕಿಗೆ ಕಣ್ಣು ಕಿರಿದು ಮಾಡಿದಳು. ಅವ್ವನ ಮನಸ್ಸೂ ಉಳಿಯಿತು, ಕಾಗದದ ಮಾತೂ ಉಳಿಯಿತು ಎಂದುಕೊಂಡೆ. ಬರುವಾಗ ಅದೇ ಮರದ ಬಳಿ ಮತ್ತೆ ಕುಂಚಿಗೆ ಎಳೆದು ಮನೆಗೆ ಹೋದೆ. ಆ ನಾಲ್ಕು ಹೆಜ್ಜೆಯ ಸುಳ್ಳಿಗೆ ನಾನು ಹೆದರಲೇ ಇಲ್ಲ.

ಅದರ ಮುಂದಿನ ವಾರ, ತಿರುವಿನಲ್ಲಿ ಸರಿಸಿ ಇನ್ನೂ ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಅವ್ವ ಓಡಿಬಂದಳು. ಹಾಲಿನ ಬಾಟಲಿ ಮರೆತು ಬಂದಿದ್ದೆ. ಏದುಸಿರು ಬಿಡುತ್ತಾ ಬಾಟಲಿ ಕೊಟ್ಟಳು. ಮಗುವಿನ ಬರಿ ಮುಖವನ್ನು ನೋಡಿದಳು. ಕಿರುಬೆರಳಿನಿಂದ ಕೆನ್ನೆ ಮುಟ್ಟಿ ಹೋದಳು. ಕುಂಚಿಗೆ ಸರಿಸಿದ್ದನ್ನು ಗಮನಿಸಲಿಲ್ಲ ಎಂದುಕೊಂಡೆ.

ಅದರ ಮರುವಾರ ಎರಡೂವರೆ ಕಿಲೊ ಆಯಿತು. ಮನೆಯಲ್ಲಿ ಸಿಹಿಗೆಂದು ಸಜ್ಜಕ ಮಾಡಿದರು. ಆದರೆ ಆ ದಿನ ಸ್ಟೇಶನ್ನಿನಲ್ಲಿ ನಮ್ಮ ವಿಭಾಗದ ಒಬ್ಬ ನನ್ನನ್ನು ಕಂಡಿದ್ದ. ಮರುದಿನ ನನ್ನ ಮೇಜಿನ ಮೇಲೆ ಪೆನ್ಸಿಲಿನಿಂದ ಬರೆದ ಒಂದು ಕಾಂಗರೂ ಚಿತ್ರವಿತ್ತು, ಅದಕ್ಕೆ ನನ್ನ ಕನ್ನಡಕ, ನನ್ನ ಮೀಸೆ.

“ಕಾಯ್ ಸಾಹೇಬ್, ಪಿಲ್ಲೂ ಕುಠೇ ಆಹೇ?” ಎಂದು ಒಬ್ಬ ನನ್ನ ಅಂಗಿಯೊಳಗೆ ಇಣುಕಿದ. ಮರಿ ಎಲ್ಲಿ ಎಂದು.

ಎದುರಿನ ಮೇಜಿನ ನಮ್ಮ ಧಾರವಾಡದವನೂ ಬಿಡಲಿಲ್ಲ. “ಅಲ್ರೀ, ಹಾಲೂ ನೀವ ಕುಡಸ್ತೀರೋ, ಅದನ್ನರ ವೈನಿಗೆ ಬಿಟ್ಟೀರೋ?” ಅತ್ತಿಗೆಗೆ, ಎಂದರೆ ನನ್ನ ಹೆಂಡತಿಗೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಾರವಿಡೀ ನಡೆಯಿತು. ಯಾರೂ ಕೆಟ್ಟವರಲ್ಲ. ಆ ಕಾಲದಲ್ಲಿ ಗಂಡಸು ಮಗುವನ್ನು ಎದೆಗೆ ಕಟ್ಟಿಕೊಂಡು ಬೀದಿಯಲ್ಲಿ ಹೋಗುವುದನ್ನು ನಾನೂ ನೋಡಿರಲಿಲ್ಲ.

ಮುಂದಿನ ಸೋಮವಾರ ಡಾಕ್ಟರ್ ಬಾಯಿಯವರು ಭೋರ್ ಕಡೆಗೆ ಒಂದು ಶಿಬಿರಕ್ಕೆ ಹೋಗುವವರಿದ್ದರು. ಬೆಳಿಗ್ಗೆ ಬೇಗ ಬಂದುಬಿಡಿ ಎಂದು ಹೇಳಿಕಳಿಸಿದ್ದರು. ಹಿಂದಿನ ವಾರಗಳಲ್ಲಿ ನಾನು ಆಫೀಸಿಗೆ ಹೋಗುವವರ ಗದ್ದಲ ಮುಗಿದ ಮೇಲೆ ಹೋಗುತ್ತಿದ್ದೆ. ಬೇಗ ಎಂದರೆ, ಶಿವಾಜಿನಗರದ ಕಡೆಯಿಂದ ಬರುವ ಲೋಕಲ್ಲಿನಿಂದ ನಮ್ಮ ಕಾರ್ಖಾನೆಯವರೆಲ್ಲ ಖಡಕಿಯಲ್ಲಿ ಇಳಿಯುವ ಹೊತ್ತು.

ಚಳಿ ಇತ್ತು. ಅವ್ವ ಬಾಗಿಲಲ್ಲಿ ಕುಂಚಿಗೆ ಎಳೆದಳು. ಮೇಲೆ ನನ್ನ ಹೆಗಲಿಗೆ ಒಂದು ಶಾಲು ಹಾಕಿದಳು. ಬೇವಿನ ಮರದ ತಿರುವಿನಲ್ಲಿ ನಾನು ಎಂದಿನಂತೆ ನಿಂತು ಕುಂಚಿಗೆಯನ್ನು ಸರಿಸಿದೆ. ಇದನ್ನು ಒತ್ತಿ ಬರೆಯುತ್ತಿದ್ದೇನೆ. ಅವ್ವ ಎಳೆದದ್ದನ್ನು ನಾನು ಸರಿಸಿದ್ದೆ. ಸ್ಟೇಶನ್ ಮುಟ್ಟುವವರೆಗೂ ಮಗಳ ಮುಖ ತೆರೆದೇ ಇತ್ತು. ಅವಳು ಎಚ್ಚರವಾಗಿದ್ದಳು, ನನ್ನ ಅಂಗಿಯ ಗುಂಡಿಯನ್ನು ನೋಡುತ್ತಿದ್ದಳು.

ನಮ್ಮ ಕಡೆಯ ರೈಲು ತಡವಾಗಿತ್ತು. ಎದುರಿನ ರೈಲು ಬಂತು. ಬಾಗಿಲುಗಳಲ್ಲಿ ನೇತಾಡುತ್ತಿದ್ದವರಲ್ಲಿ ನಮ್ಮ ವಿಭಾಗದ ಮೂರ್ನಾಲ್ಕು ಮುಖಗಳು ಕಂಡವು. ನಾನು ಕುಂಚಿಗೆಯನ್ನು ಮಗಳ ಮುಖದ ಮೇಲೆ ಎಳೆದೆ. ಶಾಲನ್ನು ಮುಂದಕ್ಕೆ ತಂದು ಸುತ್ತಿಕೊಂಡೆ. ಬೆಂಚಿನ ತುದಿಯಲ್ಲಿ ಕುಳಿತು, ಜ್ವರ ಬಂದವನ ಹಾಗೆ ಮುಂದಕ್ಕೆ ಬಾಗಿದೆ. ಅವರು ಹೋಗುವವರೆಗೆ ಮಾತ್ರ ಎಂದುಕೊಂಡೆ.

ಹೋಗಬೇಕಿದ್ದವರು ಹೋದರು. ಆದರೆ ಧಾರವಾಡದವನು ಸೇತುವೆ ಇಳಿದು ನೇರ ನನ್ನ ಬಳಿ ಬಂದ.

“ಏನ್ರೀ, ಹಿಂಗ ಕುಂತೀರಿ? ಥಂಡಿ ಹತ್ಯದೇನು?”

“ಹೌದ್ರಿ. ಮೈ ಸರಿ ಇಲ್ಲ. ರಜಾ ಹಾಕೀನಿ.”

“ಹಂಗಾದ್ರ ಇವತ್ತು ನಿಮ್ಮ ಕಾಂಗರೂ ಡ್ಯೂಟಿ ಇಲ್ಲನ್ರಿ.”

“ಇಲ್ರಿ,” ಎಂದೆ.

ಮಗಳು ನನ್ನ ಎದೆಯ ಮೇಲಿದ್ದಳು, ನಾನು ಇಲ್ಲ ಎಂದೆ. ಅವನು ಪಕ್ಕದಲ್ಲಿ ಕುಳಿತ. ಸಾಹೇಬರ ವರ್ಗಾವಣೆ, ಕ್ಯಾಂಟೀನಿನ ಚಹಾ, ಹೊಸ ಟೈಪಿಸ್ಟಳ ಗತ್ತು ಎಲ್ಲವನ್ನೂ ಹೇಳಿದ. ನನ್ನ ಜೊತೆ ಇರೋಣವೆಂದೇ ಕುಳಿತಿದ್ದ, ಪಾಪ. ನಾನು ಬಾಗಿಯೇ ಇದ್ದೆ. ಒಮ್ಮೆ ಅವಳ ಕಾಲು ನನ್ನ ಹೊಟ್ಟೆಗೆ ತಾಕಿತು. ಅತ್ತುಬಿಟ್ಟರೆ ಏನು ಮಾಡುವುದು ಎಂದು ಹೆದರಿದೆ. ಅಳಲಿಲ್ಲ. ನಿದ್ದೆ ಹೋದಳು, ಜಾಣೆ ಎಂದುಕೊಂಡೆ. ಸಮಾಧಾನವೂ ಆಯಿತು.

ರೈಲು ಬಂದಾಗ ಅವನು ಎದ್ದು ಹೋದ. ಹತ್ತುವ ಗದ್ದಲದಲ್ಲಿ ಎರಡೂ ಕೈಯಿಂದ ಚೀಲವನ್ನು ಒತ್ತಿ ಹಿಡಿದೆ. ಶಿವಾಜಿನಗರದಲ್ಲಿ ಇಳಿದು ಬೇಗ ಬೇಗ ನಡೆದೆ, ಡಾಕ್ಟರು ಹೊರಟುಬಿಡಬಾರದೆಂದು. ಕಾಗದ ಅಂಗಿಯ ಕಿಸೆಯಲ್ಲಿ, ಮಗುವಿನ ಕೆನ್ನೆಯ ಪಕ್ಕದಲ್ಲೇ ಇತ್ತು. ದವಾಖಾನೆಯ ನರ್ಸ್ ಬೆನ್ನಿನ ಗಂಟು ಬಿಚ್ಚಿ, ಕುಂಚಿಗೆ ಎತ್ತಿ, ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಡಾಕ್ಟರ್ ಬಾಯಿಯವರು ಬಹಳ ಹೊತ್ತು ಪ್ರಯತ್ನ ಮಾಡಿದರು. ಆಮೇಲೆ ಬರೆದುಕೊಟ್ಟ ಸಾವಿನ ಚೀಟಿಯಲ್ಲಿ ಹೆಸರಿನ ಜಾಗ ಖಾಲಿ ಇತ್ತು.

ಅವರು ಹೊರಗೆ ಬಂದು ನನಗೆ ಹೇಳಿದ್ದಿಷ್ಟೇ: ಮುಖ ಮುಚ್ಚಿತ್ತು, ಗದ್ದ ಎದೆಗೆ ಒತ್ತಿತ್ತು, ಇಷ್ಟು ಎಳೆಯ ಮಗು ತಾನಾಗಿ ಬಿಡಿಸಿಕೊಳ್ಳಲಾರದು.

ಮನೆಯಲ್ಲಿ ಹೆಂಡತಿ ಅತ್ತದ್ದನ್ನು ಬರೆಯಲಾರೆ. ಅತ್ತು ಸುಸ್ತಾದ ಮೇಲೆ ಅವಳು ಕೇಳಿದಳು, “ಮಾರಿ ಮ್ಯಾಲ ಕುಂಚಗಿ ಯಾರು ಎಳದ್ರು?”

ನಾನು ಬಾಯಿ ತೆರೆದೆ. ಅವ್ವ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದವಳು ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿ, “ನಾನ ಎಳದಿದ್ದೆ ತಂಗಿ. ಗಾಳಿ ಬಡೀತದಂತ,” ಎಂದಳು.

“ಇನ್ಯಾವ ಕೂಸಿಗೂ ನಿಮ್ಮ ಕೈಯಿಂದ ಹೊಲೀಬ್ಯಾಡ್ರಿ ಅತ್ತಿ. ನಿಮಗ ಕೈ ಮುಗೀತೀನಿ.”

“ಆತು,” ಎಂದಳು ಅವ್ವ.

ನಾನು ತೆರೆದ ಬಾಯಿ ಮುಚ್ಚಿದೆ. ಅಷ್ಟೇ ನಡೆದದ್ದು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಅವ್ವ ತಿಂಗಳು ತುಂಬುವ ಮೊದಲೇ ಬೆಳಗಾವಿಗೆ ಹೋದಳು. ಹೊಲಿಗೆ ಯಂತ್ರವನ್ನು ಒಯ್ಯಲಿಲ್ಲ. ಅದು ನಮ್ಮ ಮಂಚದ ಕೆಳಗೆ ಬಟ್ಟೆ ಹೊದ್ದು ವರ್ಷಗಟ್ಟಲೆ ಕುಳಿತಿತ್ತು. ಓಣಿಯವರು ಬಂದು ಕೇಳಿದರೆ ಕೈ ನಡುಗುತ್ತದೆ ಎನ್ನುತ್ತಿದ್ದಳಂತೆ. ನಡುಗುತ್ತಿರಲಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಹೆಂಡತಿ ಬೆಳಗಾವಿಗೆ ಕಾಲಿಡಲಿಲ್ಲ, ಅವ್ವನನ್ನು ಕರೆಯಲಿಲ್ಲ. ನಾನು ವರ್ಷಕ್ಕೆರಡು ಸಲ ಒಬ್ಬನೇ ಹೋಗಿ ಬರುತ್ತಿದ್ದೆ. ಪ್ರತಿ ಸಲ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಪ್ರತಿ ಸಲ ಅವ್ವ ರೊಟ್ಟಿ ಬಡಿದು ಬಡಿಸುತ್ತಿದ್ದಳು, ನಾನು ಉಂಡು ಬರುತ್ತಿದ್ದೆ.

ಕಾಗದವನ್ನು ಎಸೆಯಲಿಲ್ಲ. ರೇಶನ್ ಕಾರ್ಡ್ ಇಡುವ ಫೈಲಿನಲ್ಲಿ, ಎಲ್ಲದರ ಕೆಳಗೆ ಇಟ್ಟಿದ್ದೆ.

ಏಳನೆಯ ವರ್ಷ ಅವ್ವ ಹಾಸಿಗೆ ಹಿಡಿದಳು. ಹೋಗಿ ಪಕ್ಕದಲ್ಲಿ ಕುಳಿತೆ. ಮಧ್ಯಾಹ್ನ, ಅಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು.

“ಆಕಿ ಇನ್ನೂ ಸಿಟ್ಟಿನ್ಯಾಗ ಇದ್ದಾಳೇನು?”

“ಇಲ್ಲವ್ವಾ.”

ಮಗ್ಗುಲಾಗಿ ನನ್ನ ಕಡೆ ತಿರುಗಿ, “ಯಪ್ಪಾ, ನೀ ನನಗ ಏನರ ಹೇಳೂದದ ಏನು?” ಎಂದಳು.

“ಏನಿಲ್ಲವ್ವಾ. ಮಲಕೋ.”

ಮಲಗಿದಳು. ಹನ್ನೊಂದು ದಿನದ ಮೇಲೆ ಹೋದಳು. ಹೆಂಡತಿ ಮಣ್ಣಿಗೂ ಬರಲಿಲ್ಲ. ಅಕ್ಕ ನನ್ನನ್ನು ಬಾಗಿಲವರೆಗೆ ಕಳಿಸಿ, ಇನ್ನು ನಿಮ್ಮ ಮನೆಗೂ ನಮ್ಮ ಮನೆಗೂ ಮುಗಿಯಿತು ಎಂದಳು. ಸಿಟ್ಟು ನನ್ನ ಹೆಂಡತಿಯ ಮೇಲೆ ಎಂದುಕೊಂಡೆ.

ಅಷ್ಟರಲ್ಲಿ ನಾವು ಕ್ವಾರ್ಟರ್ಸ್ ಬಿಟ್ಟು ಖಡಕಿಯಲ್ಲೇ ಒಂದು ಸಣ್ಣ ಫ್ಲ್ಯಾಟಿಗೆ ಬಂದಿದ್ದೆವು. ಅವ್ವ ಹೋದ ಮರುವರ್ಷ ಮೇಲಿನ ಮನೆಗೆ ಬೆಂಗಳೂರಿನ ಒಂದು ಜೋಡಿ ಬಾಡಿಗೆಗೆ ಬಂತು, ಎರಡು ತಿಂಗಳ ಮಗುವಿನ ಜೊತೆ. ಆಗ ಶಾಪಿಂಗ್ ಮಾಲ್‌ಗಳಲ್ಲಿ ಇಂಥ ಚೀಲಗಳು ಸಾಲಾಗಿ ತೂಗುತ್ತಿದ್ದವು. ಗಂಡಸರು ಕಟ್ಟಿಕೊಂಡು ಓಡಾಡಿದರೆ ಯಾರೂ ನಗುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹಾಲು ತರಲು ಬಾಗಿಲು ತೆರೆದರೆ ಮಗುವಿನ ಅಪ್ಪ, ಚಿಕ್ಕ ವಯಸ್ಸಿನ ಹುಡುಗ, ಮೆಟ್ಟಿಲಿಳಿದು ಬರುತ್ತಿದ್ದ. ಎದೆಯ ಮೇಲೆ ಚೀಲ, ಅದರ ಮೇಲೆ ಬಿಸಿಲಿಗೆಂದು ತನ್ನ ಹೆಂಡತಿಯ ದುಪಟ್ಟಾ.

“ತಡೀರಿ,” ಎಂದೆ. ನನ್ನ ದನಿ ಜೋರಾಗಿತ್ತು. ಅವನು ಗಾಬರಿಯಾದ.

“ಏನಾಯ್ತು ಅಂಕಲ್?”

ದುಪಟ್ಟಾ ತೆಗೆದೆ. ಮಗು ತಣ್ಣಗೆ ನನ್ನನ್ನು ನೋಡಿತು. ಒಳಗೆ ಬನ್ನಿ ಎಂದು ಕೂರಿಸಿದೆ. ಪಟ್ಟಿಯನ್ನು ಬಿಗಿ ಮಾಡಿ ಮಗುವನ್ನು ಮೇಲಕ್ಕೆ ತಂದೆ. ಈಗ ತಲೆ ಬಗ್ಗಿಸಿ ನೆತ್ತಿಗೆ ಮುತ್ತು ಕೊಡಿ, ಬರುತ್ತದೆಯೇ? ಗದ್ದದ ಕೆಳಗೆ ಎರಡು ಬೆರಳು ಇಡಿ. ಮೂಗು ನಿಮ್ಮ ಅಂಗಿಗೆ ಒತ್ತಬಾರದು. ಕುಳಿತಾಗ ಮುಂದಕ್ಕೆ ಬಾಗಬೇಡಿ. ನಿಮಿಷಕ್ಕೊಮ್ಮೆ ಮುಖ ನೋಡಿ. ಸುಮ್ಮನಿದ್ದರೆ ನಿದ್ದೆ ಎಂದು ತಿಳಿಯಬೇಡಿ, ನೋಡಿ.

“ಅಂಕಲ್, ನಿಮ್ಗೆ ಇಷ್ಟೆಲ್ಲಾ ಹೇಗೆ ಗೊತ್ತು? ನಮ್ ಬಾಕ್ಸಲ್ಲೂ ಒಂದು ಬುಕ್ ಇತ್ತು, ನಾನು ಓದೇ ಇಲ್ಲ.”

ನಾನು ಯೋಚಿಸಲಿಲ್ಲ. ಎದ್ದು ಹೋಗಿ ಫೈಲಿನ ತಳದಿಂದ ಕಾಗದ ತಂದು ಅವನ ಮುಂದೆ ಹರಡಿದೆ. ಮಡಿಕೆಗಳಲ್ಲಿ ಹರಿದಿತ್ತು. ಕೆಂಪು ಗೆರೆಗಳು ಹಾಗೆಯೇ ಇದ್ದವು. ಮೂರನೆಯ ಚಿತ್ರದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಾಗ ಹೆಂಡತಿ ಚಹಾದ ತಟ್ಟೆ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಹುಡುಗ ಚಹಾ ಕುಡಿದು, ತುಂಬಾ ಥ್ಯಾಂಕ್ಸ್ ಎಂದು ಹೋದ. ಅವಳು ಕಾಗದವನ್ನು ಎತ್ತಿಕೊಂಡಳು. ಇಂಗ್ಲಿಷ್ ಅವಳಿಗೆ ಅಷ್ಟು ಬರುವುದಿಲ್ಲ. ಚಿತ್ರಕ್ಕೆ ಇಂಗ್ಲಿಷ್ ಬೇಕಾಗಿಲ್ಲ.

“ಇದು ಯಾವಾಗಿನದ್ರಿ?”

“ಆ ಚೀಲದ ಜೋಡಿ ಬಂದಿದ್ದು.”

“ಕೆಂಪು ಗೆರಿ?”

“ನಾನ ಎಳದೀನಿ. ಆಗನ.”

“ಅಂದ್ರ ನಿಮಗ ಗೊತ್ತಿತ್ತು. ಅತ್ತಿ ಎಳದದ್ದು ಕಂಡೂ ಸುಮ್ಮನ ಹೋದ್ರಿ?”

ಈ ಹಂತದಲ್ಲೂ ಒಂದು ದಾರಿ ಇತ್ತು. ಹೌದು, ಸುಮ್ಮನೆ ಹೋದೆ ಎಂದರೆ ಅರ್ಧ ತಪ್ಪು ಅವ್ವನ ಮೇಲೆಯೇ ಉಳಿಯುತ್ತಿತ್ತು. ನಾನು ಆ ದಾರಿಯನ್ನು ನೋಡಿದೆ ಕೂಡ. ಆದರೆ ಅವಳ ಕೈಯಲ್ಲಿ ಆ ಚಿತ್ರವಿತ್ತು. ಬೇವಿನ ಮರದ ತಿರುವು, ಎದುರಿನ ರೈಲು, ಬೆಂಚು, ಧಾರವಾಡದವನಿಗೆ ನಾನು ಇಲ್ಲ ಎಂದದ್ದು, ಎಲ್ಲ ಹೇಳಿದೆ. ಅವಳು ನಿಂತೇ ಕೇಳಿದಳು.

“ನಗ್ತಾರಂತ?” ಎಂದಳು ಕೊನೆಗೆ. “ಅವರು ನಗ್ತಾರಂತ?”

ಆಮೇಲೆ ಫೋನಿನ ಬಳಿ ಹೋಗಿ ಅಕ್ಕನ ನಂಬರು ಒತ್ತಿದಳು. ಅದು ಅವಳಿಗೆ ಬಾಯಿಪಾಠವಿತ್ತೆಂದು ನನಗೆ ಗೊತ್ತಿರಲಿಲ್ಲ. ರಿಸೀವರನ್ನು ನನ್ನ ಕೈಗೆ ಕೊಟ್ಟು, “ಹೇಳ್ರಿ,” ಎಂದು ಪಕ್ಕದಲ್ಲೇ ನಿಂತಳು.

ಹೇಳಿದೆ. ಹೆಂಡತಿಗೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಮುಗಿಯಿತು.

“ಗೊತ್ತದ ತಮ್ಮಾ,” ಎಂದಳು ಅಕ್ಕ. “ಅವ್ವ ಹೇಳಿದ್ಲು.”

“ಅವ್ವಗ ಹೆಂಗ...”

“ಬಾಟ್ಲಿ ಕೊಡಾಕ ಓಡಿ ಬಂದಿದ್ಲಲ್ಲ. ಕೂಸಿನ ಮಾರಿ ಬಿಚ್ಚಿತ್ತು. ಅಂವ ನನಗಿಂತ ಶಾಣ್ಯಾ ಆಗ್ಯಾನ, ನನ್ನ ಮನಸ್ಸು ಮುರೀಬಾರದಂತ ತಿರುವಿನ್ಯಾಗ ತಗೀತಾನ ಅಂತ ಫೋನಿನ್ಯಾಗ ನಕ್ಕೋಂತ ಹೇಳಿದ್ಲು ನನಗ. ಆಮ್ಯಾಲ ಹಂಗಾತು. ಅಂವ ತಗದಿರ್ತಾನ, ಮತ್ತ ಅಂವನ ಎಳದಿರಬೇಕು, ಯಾಕಂತ ನಾ ಕೇಳಂಗಿಲ್ಲ ಅಂದ್ಲು. ಅಂವನ ಬಂದು ಹೇಳ್ತಾನ, ಹೇಳಲಿ ಅಂದ್ಲು. ಪ್ರತಿ ಸಲ ನೀ ಬಂದಾಗ ರೊಟ್ಟಿ ಬಡ್ಯಾಕ ಕುಂಡರ್ತಿದ್ಲು ನೋಡು, ಆವಾಗ ನನ್ನ ಹಿತ್ತಲಕ್ಕ ಕಳಸ್ತಿದ್ಲು. ಇಬ್ಬರ ಇದ್ರ ಹೇಳ್ತಾನಂತ.”

“ಏಳು ವರ್ಷ ಕಾದ್ಲು,” ಎಂದು ಅಕ್ಕ ಫೋನ್ ಇಟ್ಟಳು.

ಅಕ್ಕನ ದನಿ ದೊಡ್ಡದು. ಹೆಂಡತಿಗೆ ಎಲ್ಲ ಕೇಳಿಸಿತ್ತು. ಅವಳು ಒಳಗಿನ ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಹೊಲಿಗೆ ಯಂತ್ರವನ್ನು ಎಳೆದಳು. ನೆಲದ ಮೇಲೆ ಅದು ಉಜ್ಜಿದ ಸದ್ದು ಬಂತು. ಹೋಗಿ ನೋಡಿದೆ. ಹೊದಿಕೆ ತೆಗೆದು, ತನ್ನ ಸೆರಗಿನಿಂದ ಧೂಳು ಒರೆಸುತ್ತಿದ್ದಳು. ಚಕ್ರ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಅವಳು ಅದನ್ನೇ ತಿರುಗಿಸಲು ನೋಡುತ್ತಿದ್ದಳು. ಕೈ ಕೊಡಲು ಬಗ್ಗಿದೆ.

“ಮುಟ್ಟಬ್ಯಾಡ್ರಿ.”

ನಾನು ಬಾಗಿಲಲ್ಲೇ ನಿಂತೆ. ಮೇಲಿನ ಮನೆಯ ಮಗು ಅಳುತ್ತಿತ್ತು. ಆ ಹುಡುಗ ಹೊರಗಿನಿಂದ ವಾಪಸು ಬಂದಿರಬೇಕು, ಏನೋ ಹಾಡುತ್ತಾ ಅತ್ತಿಂದಿತ್ತ ಓಡಾಡುವ ಹೆಜ್ಜೆ ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಹೆಂಡತಿ ತಲೆ ಎತ್ತದೆ ಕೇಳಿದಳು.

“ಅವತ್ತು ಬೆಂಚಿನ ಮ್ಯಾಲ, ಅತ್ಳೇನ್ರಿ?”

“ಇಲ್ಲ.”

“ಒದ್ಳೇನು?”

ಅದನ್ನೊಂದು ನಾನು ಹೇಳಿರಲಿಲ್ಲ.

“ಒಮ್ಮೆ,” ಎಂದೆ.

ಅವಳು ಮತ್ತೆ ಚಕ್ರ ಒರೆಸತೊಡಗಿದಳು.